ಕೈ ಹಿಂದೆ ಕಟ್ಟಿಕೊಂಡು ಮಾಡಿದ ಕೆಲಸ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ. ಪೇಷಂಟ್ ಮನೆಗೆ ಹೋದ ಕೂಡಲೇ ಏನು ಮಾಡಬೇಕು ಆಂಟಿ ಅಂತ. ಕಾಫಿ ಕೊಟ್ಟರೆ ಕುಡಿಯಬೇಕು ಅನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ನಾನು ತಮಾಷೆ ಮಾಡುತ್ತಿಲ್ಲ. ಆಸ್ಪತ್ರೆಯಲ್ಲಿ ನಾವು ಯಜಮಾನರು, ಅವರು ನೆಂಟರು. ಮನೆಗೆ ಹೋದಾಗ ಅದು ತಿರುವುಮುರುವು. ನೆಂಟರ ಹಾಗೆ ಕೂತು, ಕೊಟ್ಟದ್ದನ್ನು ಕುಡಿದು, ಆಮೇಲೆ ಬ್ಯಾಗಿಗೆ ಕೈ ಹಾಕಬೇಕು. ಸಕ್ಕರೆ ಕಾಯಿಲೆಯವಳಾದ ನಾನು ಯಲಹಂಕದಿಂದ ಯಶವಂತಪುರದವರೆಗೆ ಎಷ್ಟು ಮನೆಗಳಲ್ಲಿ ಪಾಯಸದಂಥ ಕಾಫಿ ಕುಡಿದಿದ್ದೇನೋ, ನನ್ನ ಡಾಕ್ಟರಿಗೆ ಇವತ್ತಿಗೂ ಹೇಳಿಲ್ಲ.

ನಮ್ಮ ಕೆಲಸ ಏನೆಂದು ತಿಳಿಯದವರಿಗೆ ಎರಡು ಮಾತು. ದೊಡ್ಡ ಕಾಯಿಲೆಯ ಮಕ್ಕಳೆಲ್ಲ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಬಿದ್ದಿರಬೇಕಾಗಿಲ್ಲ. ಕತ್ತಿನಲ್ಲಿ ಉಸಿರಾಟದ ಕೊಳವೆ, ಹೊಟ್ಟೆಗೆ ಊಟದ ಕೊಳವೆ, ಮಂಚದ ಪಕ್ಕ ಉಸಿರಾಟದ ಯಂತ್ರ ಇದ್ದರೂ ಅವರು ತಮ್ಮ ಮನೆಯಲ್ಲಿ, ತಮ್ಮ ಹಾಸಿಗೆಯಲ್ಲಿ, ತಮ್ಮ ಅಣ್ಣ ತಂಗಿಯರ ಜೊತೆ ಜಗಳವಾಡಿಕೊಂಡು ಇರಬಹುದು. ಆದರೆ ಅದನ್ನೆಲ್ಲ ನೋಡಿಕೊಳ್ಳುವುದು ಮನೆಯವರಿಗೆ ಬರಬೇಕು. ಕಲಿಸುವವರು ನಾವು. ಕಲಿತ ಮೇಲೆ ಅವರ ಬೆನ್ನ ಹಿಂದೆ ನಿಲ್ಲುವವರೂ ನಾವೇ.

ನಾನು ಗದಗ ಕಡೆಯವಳು. ನರ್ಸಿಂಗ್ ಮುಗಿಸಿ ಬೆಂಗಳೂರಿಗೆ ಬಂದು, ಯಶವಂತಪುರದಲ್ಲಿ ಮನೆ ಮಾಡಿ, ಮಕ್ಕಳ ವಾರ್ಡಿನಲ್ಲಿ ಅರ್ಧ ಆಯಸ್ಸು ಕಳೆದೆ. ಮನೆಗಳಿಗೆ ಹೋಗುವ ತಂಡವೊಂದನ್ನು ನಮ್ಮ ಆಸ್ಪತ್ರೆಯವರು ಶುರು ಮಾಡಿದಾಗ ಮೊದಲು ಹೆಸರು ಕೊಟ್ಟವಳು ನಾನು. ಸೇವೆ ಗೀವೆ ಅಂತೇನೂ ಇರಲಿಲ್ಲ. ವಾರ್ಡಿನ ರಾತ್ರಿ ಪಾಳಿ ತಪ್ಪುತ್ತದಲ್ಲ ಎಂಬ ಆಸೆ, ಅಷ್ಟೇ.

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಕೆಂಪಾಪುರದ ಒಂದು ಮನೆಗೆ ಹೋಗಬೇಕಿತ್ತು. ಇಸ್ತ್ರಿ ಮಾಡಿದ ಬಿಳಿ ಕೋಟು, ಕುತ್ತಿಗೆಗೆ ಸ್ಟೆತಾಸ್ಕೋಪು, ಮದುವಣಗಿತ್ತಿಯ ಹಾಗೆ ಸಿಂಗಾರ ಮಾಡಿಕೊಂಡು ಆಟೋ ಇಳಿದೆ. ವಿಳಾಸ ಕೇಳಿಕೊಂಡು ಗಲ್ಲಿ ಗಲ್ಲಿ ಸುತ್ತಿ ಮನೆ ಮುಟ್ಟುವಷ್ಟರಲ್ಲಿ ನನ್ನ ಹಿಂದೆ ಒಂದು ಮೆರವಣಿಗೆಯೇ ಬಂದಿತ್ತು. ಒಬ್ಬ ಹೆಂಗಸು ಪೋಲಿಯೋ ಹನಿ ಹಾಕಿಸಲು ಎರಡು ಕೂಸು ಎತ್ತಿಕೊಂಡು ಬಂದಿದ್ದಳು. ಒಬ್ಬ ಯಜಮಾನರು ಬಿಪಿ ನೋಡಿಸಲು ಷರ್ಟಿನ ತೋಳು ಮಡಚಿಕೊಂಡೇ ನಿಂತಿದ್ದರು. ಅವರನ್ನೆಲ್ಲ ಸಾಗಹಾಕಿ ಒಳಗೆ ಹೋದರೆ ಮಗುವಿನ ತಾಯಿ ಮುಖ ಊದಿಸಿಕೊಂಡು ಕೂತಿದ್ದಳು. ಮಗುವಿಗೆ ಹೀಗಿದೆ ಅಂತ ಇಷ್ಟು ದಿನ ಬೀದಿಗೆ ಗೊತ್ತಿರಲಿಲ್ಲವಂತೆ. ಒಂದು ಕೋಟು ಎಲ್ಲರಿಗೂ ಹೇಳಿಬಿಟ್ಟಿತ್ತು. ಮಾರನೇ ದಿನದಿಂದ ನಾನು ವಾಯಿಲ್ ಸೀರೆ, ತರಕಾರಿ ಚೀಲ. ಚೀಲದ ತಳದಲ್ಲಿ ಕಫ ತೆಗೆಯುವ ನಳಿಕೆಗಳು, ಮೇಲೆ ಎರಡು ನುಗ್ಗೇಕಾಯಿ. ಯಾರೂ ತಿರುಗಿ ನೋಡಲಿಲ್ಲ.

ನನ್ನ ಮೇಲಿನವರಲ್ಲಿ ಹೇಳಲೇಬೇಕಾದವರು ಫಿಲೋಮಿನಾ ಸಿಸ್ಟರ್. ಮಂಗಳೂರಿನವರು, ತಂಡಕ್ಕೆ ಹಿರಿಯರು, ಬಾಯಿ ಜೋರು. ಶುರುವಿನಲ್ಲಿ ನಾನು ಯಾವ ಮನೆಗೆ ಹೋದರೂ ಎಲ್ಲವನ್ನೂ ನಾನೇ ಮಾಡಿ ಮುಗಿಸಿ, ಮಗುವಿನ ತಲೆ ಬಾಚಿ, ಹಾಸಿಗೆ ಹಾಸಿ ಬರುತ್ತಿದ್ದೆ. ಮನೆಯವರಿಗೆ ಬಹಳ ಖುಷಿ. ನನಗೂ ಖುಷಿ. ಒಂದು ದಿನ ಫಿಲೋಮಿನಾ ಸಿಸ್ಟರ್ ಜೊತೆಗೆ ಬಂದರು. ಆ ಮನೆಯ ತಾಯಿ ನಳಿಕೆ ಹಿಡಿದು ತಡವರಿಸುತ್ತಿದ್ದಳು, ನಾನು ಅಭ್ಯಾಸಬಲದಿಂದ ಕೈ ಮುಂದೆ ಚಾಚಿದೆ. ಸಿಸ್ಟರ್ ಎಲ್ಲರೆದುರೇ ನನ್ನ ಮುಂಗೈ ಮೇಲೆ ಒಂದು ಏಟು ಹಾಕಿದರು.

"ಕೈ ಹಿಂದೆ ಕಟ್ಟು ಮಾರಾಯ್ತಿ. ನೀನು ಮಾಡಿದ್ರೆ ಅವಳು ಯಾವಾಗ ಕಲಿಯುವುದು?"

ಅಂದಿನಿಂದ ನಾನು ಪೇಷಂಟ್ ಮಂಚದ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ಕಲಿತೆ. ಕೇಳುವುದಕ್ಕೆ ಸುಲಭ. ಹೊಸ ಕೈಗಳು ತಪ್ಪುತ್ತ ಒಪ್ಪುತ್ತ ಮಾಡುವಾಗ ನಮ್ಮ ಬೆರಳಿಗೆ ನವೆಯಾಗುತ್ತದೆ. ಮಗುವಿಗೆ ಅಪಾಯ ಎನ್ನುವ ಗಳಿಗೆ ಬಂದರೆ ಕೈ ತಾನಾಗಿ ಮುಂದೆ ಬರಲೇಬೇಕು, ಆ ಗಳಿಗೆ ಬಂತೋ ಇಲ್ಲವೋ ತೂಗಿ ನೋಡುತ್ತ ನಿಲ್ಲಬೇಕು. ವಾರ್ಡಿನಲ್ಲಿ ಇಡೀ ದಿನ ಓಡಾಡಿದರೂ ಆಗದ ದಣಿವು ಒಂದು ಗಂಟೆ ಹೀಗೆ ನಿಂತರೆ ಆಗುತ್ತಿತ್ತು. ಫಿಲೋಮಿನಾ ಸಿಸ್ಟರ್ ಇನ್ನೊಂದು ನಿಯಮ ಇಟ್ಟಿದ್ದರು. ಪ್ರತಿ ಮನೆಯಲ್ಲೂ ಇಬ್ಬರು ಕಲಿಯಬೇಕು. ಯಾಕೆ ಅಂದರೆ ಒಂದೇ ಉತ್ತರ, ಅಮ್ಮಂದಿರಿಗೂ ಜ್ವರ ಬರುತ್ತದೆ.

ಆಗ ನಮ್ಮ ಬಳಿ ಇದ್ದದ್ದು ಕಾಲಲ್ಲಿ ತುಳಿಯುವ ಕಫದ ಪಂಪು. ತಂದೆ ಕೆಳಗೆ ತುಳಿಯಬೇಕು, ತಾಯಿ ಮೇಲೆ ನಳಿಕೆ ಹಿಡಿಯಬೇಕು. ಗಂಡ ಹೆಂಡಿರ ಹೊಂದಾಣಿಕೆ ಎಷ್ಟು ಅನ್ನುವುದು ಅಲ್ಲೇ ತಿಳಿದುಹೋಗುತ್ತಿತ್ತು. ಈಗ ಬ್ಯಾಟರಿ ಮೆಷೀನು ಬಂದಿದೆ, ಟಿಫಿನ್ ಡಬ್ಬಿಯಷ್ಟು ಇರುತ್ತದೆ. ಫೋನು ಬಂದ ಮೇಲಂತೂ ನಮ್ಮ ಕೆಲಸದ ಚಹರೆಯೇ ಬದಲಾಯಿತು. ಬೆಳಿಗ್ಗೆ ಉಪ್ಪಿಟ್ಟು ಬಾಯಿಗೆ ಇಡುವ ಹೊತ್ತಿಗೆ ಸರಿಯಾಗಿ ವಾಟ್ಸಾಪಿನಲ್ಲಿ ಕಫದ ಫೋಟೋಗಳು ಬರಲು ಶುರು. ಜೊತೆಗೆ ಗುಲಾಬಿ ಹೂವಿನ ಶುಭೋದಯ. ಆರ್.ಟಿ. ನಗರದ ಒಬ್ಬ ತಂದೆ ಪೇಂಟ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಅವನಿಗೆ ಫೋಟೋ ಬೇಕಿರಲಿಲ್ಲ. "ನಿನ್ನೆ ಲೆಮನ್ ಇತ್ತು ಸಿಸ್ಟರ್, ಇವತ್ತು ಐವರಿ ಕಲರಿಗೆ ಬಂದಿದೆ" ಅನ್ನುತ್ತಿದ್ದ. ಅವನ ಹೆಂಡತಿಗೆ ನಾಚಿಕೆ, ನನಗೆ ಮಾತ್ರ ಅವನ ವರದಿಯಷ್ಟು ಸ್ಪಷ್ಟವಾದ ವರದಿ ಬೇರೆ ಯಾರಿಂದಲೂ ಸಿಗಲಿಲ್ಲ.

ಒಮ್ಮೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತೇ ಹೋಯಿತು. ಹೊಸದಾಗಿ ಕಲಿತ ಒಂದು ಮನೆಯವರು ವಿಡಿಯೋ ಕಾಲ್ ಮಾಡಿದರು. ಮಗುವಿನ ಕತ್ತಿನ ಕೊಳವೆಯನ್ನು ಹಿಡಿದಿಡುವ ಪಟ್ಟಿ ಒದ್ದೆಯಾಗಿದೆ, ಬದಲಾಯಿಸಬೇಕು, ಧೈರ್ಯ ಸಾಲದು. ನಾನು ಬಸ್ಸಿನಲ್ಲಿ ಕೂತೇ ಹೇಳತೊಡಗಿದೆ. ಒಬ್ಬರು ಕೊಳವೆ ಬಿಡದೆ ಹಿಡಿದಿರಿ, ಇನ್ನೊಬ್ಬರು ಪಟ್ಟಿ ಕಟ್ಟಿ, ಪಟ್ಟಿಯ ಕೆಳಗೆ ಒಂದು ಬೆರಳು ತೂರಬೇಕು. ಪಕ್ಕದ ಸೀಟಿನವರು ಬಗ್ಗಿ ನೋಡಿದರು, ಹಿಂದಿನ ಸೀಟಿನವರು ಎದ್ದು ನಿಂತು ನೋಡಿದರು. ಕೊನೆಗೆ ಕಂಡಕ್ಟರು ಟಿಕೆಟ್ ಮರೆತು, ಬೆರಳು ತೂರ್ತಾ ಕೇಳಿ ಮೇಡಂ ಅಂದ. ತೂರಿತು ಅಂತ ಗೊತ್ತಾದಾಗ ಅರ್ಧ ಬಸ್ಸು ನಿಟ್ಟುಸಿರು ಬಿಟ್ಟಿತು. ಈ ಊರಿನ ಟ್ರಾಫಿಕ್ ಬಗ್ಗೆ ನನಗೆ ಯಾರೂ ದೂರು ಹೇಳಬೇಡಿ.

ಎಲ್ಲವೂ ಹೀಗೆ ನಗುವಂಥದ್ದೇ ಆಗಿರಲಿಲ್ಲ. ನಾವು ನೋಡಿಕೊಂಡ ಮಕ್ಕಳಲ್ಲಿ ಕೆಲವರು ಹೋಗಿಬಿಟ್ಟರು. ಆ ದಿನಗಳಲ್ಲಿ ಮನೆಗೆ ಬಂದು ಅತ್ತಿದ್ದೇನೆ, ಗಂಡನ ಮೇಲೆ ಸುಮ್ಮನೆ ರೇಗಿದ್ದೇನೆ. ಅಳಬಾರದು ಅಂತ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಅತ್ತು, ಮುಖ ತೊಳೆದುಕೊಂಡು ಮುಂದಿನ ಮನೆಗೆ ಹೋಗಬೇಕು. ಅಲ್ಲಿ ಇನ್ನೊಂದು ಮಗು ಕಾಯುತ್ತಿರುತ್ತದೆ, ಅದಕ್ಕೆ ನಮ್ಮ ಊದಿದ ಮುಖ ಬೇಡ.

ಇನ್ನು ಅಲ್ಲಾಳಸಂದ್ರದ ಮನೆಯ ಕಥೆ. ಇದನ್ನು ಬರೆಯುವುದಕ್ಕಾಗಿಯೇ ಇಷ್ಟೆಲ್ಲ ಪೀಠಿಕೆ ಹಾಕಿದೆ ಅಂದರೂ ತಪ್ಪಲ್ಲ.

ಅಲ್ಲಾಳಸಂದ್ರ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆ. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದಿದ್ದರೂ ಹಿತ್ತಲಿನಲ್ಲಿ ಒಂದು ಹಸು ಇತ್ತು. ಮಗುವಿನ ಹೆಸರು ಭೂಮಿಕಾ, ಹತ್ತು ವರ್ಷದ ಹುಡುಗಿ. ಹುಟ್ಟಿನಿಂದ ಸ್ನಾಯುಗಳು ಸೋಲುತ್ತ ಹೋಗುವ ಕಾಯಿಲೆ. ಕತ್ತಿನಲ್ಲಿ ಕೊಳವೆ, ರಾತ್ರಿ ಮಲಗಿದಾಗ ಯಂತ್ರದ ಉಸಿರು. ಹಗಲು ಕೊಳವೆಯ ಬಾಯಿಗೆ ಒಂದು ಪುಟ್ಟ ಮುಚ್ಚಳ ಹಾಕಿದರೆ ಮಾತು ಬರುತ್ತಿತ್ತು. ಬಂದ ಮಾತು ನಿಲ್ಲುತ್ತಲೇ ಇರಲಿಲ್ಲ. ಚೌಕಾಬಾರ ಆಡುವಾಗ ನನ್ನ ಕಾಯಿ ಎಲ್ಲಿತ್ತೆಂದು ನನಗೇ ಮರೆಸಿಬಿಡುವಷ್ಟು ಮೋಸಗಾತಿ. ತಂದೆ ನಾಗರಾಜ ಏರ್‌ಪೋರ್ಟ್ ಕ್ಯಾಬ್ ಓಡಿಸುತ್ತಿದ್ದ. ಯಂತ್ರ, ವೈರು, ಯುಪಿಎಸ್ ಎಲ್ಲ ಅವನ ಸುಪರ್ದಿ. ಆದರೆ ಕಫ ನೋಡಿದರೆ ಸಾಕು, ಆರಡಿ ಆಳು ಗೋಡೆಗೆ ಒರಗಿ ಕುಸಿಯುತ್ತಿದ್ದ. ಎರಡು ಸಲ ಕಲಿಸಲು ನೋಡಿ, ಎರಡು ಸಲವೂ ಅವನ ಮುಖಕ್ಕೇ ನೀರು ಚಿಮುಕಿಸಿ ಬಿಟ್ಟುಬಿಟ್ಟೆ. ಹೀಗಾಗಿ ಮಗುವಿನ ಉಸಿರೆಲ್ಲ ತಾಯಿ ಮಂಜುಳಾಳ ಎರಡು ಕೈಯಲ್ಲಿತ್ತು.

ಮನೆಯಲ್ಲಿ ಇನ್ನೊಬ್ಬರಿದ್ದರು. ನಾಗರಾಜನ ತಾಯಿ, ಮುನಿಯಮ್ಮಜ್ಜಿ. ಹಾಲು ಕರೆಯುವುದು, ಅಡುಗೆ, ಮಗುವಿನ ಬಟ್ಟೆ ಒಗೆಯುವುದು ಎಲ್ಲ ಅವರೇ. ಆದರೆ ಮಗುವನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಬಾಗಿಲ ಹತ್ತಿರ ಕೂತು ಮೊಮ್ಮಗಳ ಜೊತೆ ವಾದ ಹಾಕುತ್ತಿದ್ದರು, ಮಂಚದ ಪಕ್ಕ ಕೂರುತ್ತಿರಲಿಲ್ಲ. ಮಡಿಯೋ ಅಸಹ್ಯವೋ ಅಂದುಕೊಂಡಿದ್ದೆ. ಮಂಜುಳಾ ಒಂದು ದಿನ ಕಾರಣ ಹೇಳಿದಳು. ಭೂಮಿಕಾ ಎರಡು ವರ್ಷದವಳಿದ್ದಾಗ ಅಜ್ಜಿ ತೊಡೆಯ ಮೇಲೆ ಹಾಕಿಕೊಂಡು ರಾಗಿ ಸರಿ ತಿನ್ನಿಸುತ್ತಿದ್ದರಂತೆ. ಅದು ಉಸಿರಿನ ದಾರಿಗೆ ಇಳಿದು ಮಗು ಅವರ ಕೈಯಲ್ಲೇ ನೀಲಿಯಾಯಿತು. ಆಸ್ಪತ್ರೆ, ಐಸಿಯು, ಕತ್ತಿನ ಕೊಳವೆ ಎಲ್ಲ ಅಲ್ಲಿಂದ ಶುರು. ಆ ಕಾಯಿಲೆಗೆ ಇವತ್ತಲ್ಲ ನಾಳೆ ಅದು ಆಗಲೇಬೇಕಿತ್ತು ಅಂತ ಡಾಕ್ಟರು ಎಷ್ಟೋ ಸಲ ಹೇಳಿದ್ದರು. ಅಜ್ಜಿಯ ತೀರ್ಮಾನ ಬೇರೆ. ತನ್ನ ಕೈಗುಣ ಸರಿಯಿಲ್ಲ. ತಾನು ನೆಟ್ಟ ತುಳಸಿ ಒಣಗುತ್ತದೆ, ತಾನು ಹೆಪ್ಪು ಹಾಕಿದ ಮೊಸರು ಹುಳಿಯಾಗುತ್ತದೆ, ತಾನು ಮುಟ್ಟಿದ ಮಗು ಉಳಿಯುವುದಿಲ್ಲ. ಸೊಸೆಯ ಕೈಗುಣ ಬಲು ಒಳ್ಳೆಯದು, ಅವಳೇ ನೋಡಿಕೊಳ್ಳಲಿ.

ಕೈಗುಣ ಅನ್ನುವುದನ್ನು ನಾನು ನಂಬುತ್ತೇನೋ ಇಲ್ಲವೋ, ನನಗೇ ಗೊತ್ತಿಲ್ಲ. ಇಂಥ ಡಾಕ್ಟರ ಕೈಗುಣ ಚೆನ್ನಾಗಿದೆ ಅಂತ ಜನ ಕ್ಯೂ ನಿಲ್ಲುವುದನ್ನು ನೋಡಿದ್ದೇನೆ. ನನ್ನ ಕೈಗುಣ ಹೊಗಳಿದಾಗ ಬೇಡ ಅನ್ನಲಿಲ್ಲ. ಹಾಗಾಗಿ ಅಜ್ಜಿಯ ಜೊತೆ ವಾದಕ್ಕೆ ಹೋಗಲಿಲ್ಲ.

ಮುಟ್ಟದ ಅಜ್ಜಿ ಮಗುವಿಗಾಗಿ ದಿನಾ ಒಂದು ಕೆಲಸ ಮಾಡುತ್ತಿದ್ದರು. ದೃಷ್ಟಿ ತೆಗೆಯುವುದು. ಸಂಜೆ ಹೊತ್ತು ಮಗುವಿಗೆ ಕಫ ಯಾಕೆ ಹೆಚ್ಚಾಗುತ್ತದೆ ಅಂತ ನಾನೂ ಡಾಕ್ಟರೂ ತಲೆ ಕೆಡಿಸಿಕೊಂಡಿದ್ದೆವು. ಔಷಧಿ ಬದಲಾಯಿಸಿ ನೋಡಿದ್ದಾಯಿತು, ಯಂತ್ರ ಪರೀಕ್ಷೆ ಮಾಡಿದ್ದಾಯಿತು. ಒಂದು ಸಂಜೆ ಹೇಳದೆ ಕೇಳದೆ ಹೋದೆ. ಬಾಗಿಲಲ್ಲೇ ಕೆಮ್ಮು ಬಂತು. ನಡುಮನೆಯಲ್ಲಿ ಕೆಂಡದ ಮೇಲೆ ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಚಟಪಟ ಅನ್ನುತ್ತಿದ್ದವು. ಕತ್ತಿನಲ್ಲಿ ತೂತಿರುವ ಮಗುವಿನ ಎದುರಿಗೆ ಮೆಣಸಿನಕಾಯಿ ಘಾಟು. ಘಾಟಿಗೆ ಮಗು ಕೆಮ್ಮಿದಷ್ಟೂ ದೃಷ್ಟಿ ಬಲವಾಗಿ ತಗುಲಿದೆ ಅಂತ ಅಜ್ಜಿ ಮಾರನೇ ದಿನ ಇನ್ನೆರಡು ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದರಂತೆ.

ನನಗೆ ಸಿಟ್ಟೂ ಬಂತು, ನಗುವೂ ಬಂತು. ಬೈದರೆ ಅವರು ನಾನಿಲ್ಲದ ಹೊತ್ತು ನೋಡಿ ಮಾಡುತ್ತಾರೆ ಅನ್ನುವುದೂ ಗೊತ್ತಿತ್ತು. ನಮ್ಮ ಗದಗ ಕಡೆ ನಮ್ಮವ್ವನೂ ದೃಷ್ಟಿ ತೆಗೆಯುತ್ತಿದ್ದಳು, ಆದರೆ ಇಳಿಸಿದ್ದನ್ನು ಹೊರಗಿನ ಒಲೆಗೆ ಹಾಕುತ್ತಿದ್ದಳು, ದೃಷ್ಟಿ ಮನೆಯೊಳಗೇ ಸುಟ್ಟರೆ ಅದು ಹೊರಗೆ ಹೋಗುವುದು ಹೇಗೆ ಅಂದೆ. ಅವ್ವ ಹಾಗೆ ಮಾಡುತ್ತಿದ್ದದ್ದು ನಿಜ. ಜೋಳದ ರೊಟ್ಟಿ ತಿನ್ನುವವರಿಗೂ ಬುದ್ಧಿ ಇರುತ್ತದೆ ಅಂತ ಅಜ್ಜಿ ಒಪ್ಪಿಕೊಂಡರು. ಮಾರನೇ ದಿನದಿಂದ ಕೆಂಡ ಹಸುವಿನ ಕೊಟ್ಟಿಗೆಯ ಆಚೆಗೆ ಹೋಯಿತು. ಮಗುವಿನ ಸಂಜೆಯ ಕಫ ಇಳಿಯಿತು.

ಆಮೇಲೆ ಬಂದದ್ದು ನಿಜವಾದ ಸಂಕಟ. ಮಂಜುಳಾಗೆ ಹೊಟ್ಟೆನೋವು. ಗ್ಯಾಸು ಅಂದುಕೊಂಡು ಸೋಡಾ ಕುಡಿದು, ಮಾತ್ರೆ ನುಂಗಿ ತಳ್ಳುತ್ತಿದ್ದಳು. ಒಂದು ದಿನ ನನ್ನ ಎದುರಿಗೇ ಎರಡು ಮಡಿಕೆಯಾಗಿ ಕೂತಳು. ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ತಡ ಮಾಡಿದರೆ ಪ್ರಾಣಕ್ಕೆ ಬರುತ್ತದೆ, ಬೇಗ ಆಪರೇಷನ್ ಆಗಬೇಕು ಅಂದರು ಸರ್ಜನ್. ಮಂಜುಳಾ ಆಗಲ್ಲ ಅಂದಳು. ಅವಳು ಆಸ್ಪತ್ರೆಯಲ್ಲಿ ಮಲಗಿದರೆ ಭೂಮಿಕಾಳನ್ನು ಯಾರು ನೋಡಬೇಕು? ನಮ್ಮ ತಂಡದ ಮಕ್ಕಳ ಡಾಕ್ಟರು ನ್ಯಾಯವಾಗಿಯೇ ಹೇಳಿದರು. ಮನೆಯಲ್ಲಿ ಎರಡನೆಯ ಕೈ ತಯಾರಾದರೆ ಮಗು ಮನೆಯಲ್ಲಿರಲಿ, ಇಲ್ಲದಿದ್ದರೆ ಅಷ್ಟು ದಿನ ಐಸಿಯುಗೆ ತನ್ನಿ.

ಐಸಿಯು ಅಂದದ್ದೇ ಭೂಮಿಕಾಳ ಬಾಯಿ ಬಂದ್ ಆಯಿತು. ಹಗಲೂ ರಾತ್ರಿ ಆರದ ದೀಪಗಳ ಕೆಳಗೆ ಅವಳು ಹಿಂದೆ ತಿಂಗಳುಗಟ್ಟಲೆ ಮಲಗಿದ್ದಳು. ಮುಚ್ಚಳ ಹಾಕಿದರೂ ಮಾತಿಲ್ಲ, ಚೌಕಾಬಾರ ಇಲ್ಲ. ಮನೆ ಆರೈಕೆಯ ಏಜೆನ್ಸಿಯಿಂದ ಒಬ್ಬಳನ್ನು ಕರೆಸಿದ್ದಾಯಿತು. ಕೊಳವೆ ನೋಡಿ ಅವಳು ಊಟಕ್ಕೆ ಹೋದವಳು ತಿರುಗಿ ಬರಲಿಲ್ಲ. ನಾನೇ ರಜೆ ಹಾಕಿ ಆ ಮನೆಯಲ್ಲಿ ಇದ್ದುಬಿಡೋಣ ಅಂದುಕೊಂಡೆ. ಡಾಕ್ಟರು ಒಂದೇ ಮಾತು ಕೇಳಿದರು, ಮುಂದಿನ ಸಲ? ಮನೆಯಲ್ಲಿ ಉಳಿದದ್ದು ಒಬ್ಬರೇ.

ಅಜ್ಜಿ ಅಂದು ಸಂಜೆ ಎಂದಿನಂತೆ ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು ಮಗುವಿನ ಮುಖದ ಸುತ್ತ ಇಳಿಸುತ್ತಿದ್ದರು. ನಾನು ನೋಡುತ್ತ ಕೂತಿದ್ದೆ. ಕೈ ಹಣೆಯ ಮುಂದೆ, ಗದ್ದದ ಮುಂದೆ ಸುತ್ತಿ ಸುತ್ತಿ ಬರುತ್ತಿತ್ತು, ಸ್ವಲ್ಪವೂ ನಡುಗುತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಅಜ್ಜಿ, ಇಷ್ಟು ಹತ್ರ ಬರೋ ಕೈ ಇನ್ನು ನಾಲ್ಕು ಬೆರಳು ಮುಂದೆ ಬರೋಕೆ ಆಗಲ್ವಾ?"

"ಬ್ಯಾಡ ಕಣಮ್ಮ ನರ್ಸಮ್ಮ," ಅಂದರು ಅಜ್ಜಿ. "ಒಂದ್ ಸಲ ಈ ಕೈಯಾಗೆ ಓಗಿ ಬಂದವ್ಳೆ. ಇನ್ನೊಂದ್ ಸಲ ಓದ್ರೆ ನಾನ್ ಎಂಗ್ ಬದುಕ್ಲಿ?"

ಎಷ್ಟು ವರ್ಷದಿಂದ ಈ ಹೆಂಗಸು ಈ ಭಯ ನುಂಗಿಕೊಂಡು ಬಾಗಿಲ ಹತ್ತಿರ ಕೂತಿದ್ದಾರೆ ಅನ್ನಿಸಿತು. ಮೂರು ದಿನದಿಂದ ಮಾತು ಬಿಟ್ಟಿದ್ದ ಭೂಮಿಕಾ ಆಗ ಬಾಯಿ ತೆರೆದಳು. ಅವಳ ಸ್ವರ ಸಣ್ಣದು, ಆದರೆ ಅಧಿಕಾರ ಎಂಥದ್ದು ಅಂತೀರಿ.

"ಓಗಲ್ಲ ಬಾ ಅಜ್ಜಿ. ತಲೆಗೆ ಎಣ್ಣೆ ಹಚ್ಚು. ಅಮ್ಮನ ಕೈ ತಣ್ಣಗಿರುತ್ತೆ, ನಂಗೆ ಇಷ್ಟ ಇಲ್ಲ."

ಮಂಜುಳಾ ಅಡುಗೆಮನೆಯಿಂದ ಇಣುಕಿದವಳು ಹಾಗೇ ಒಳಗೆ ಸರಿದಳು. ಅಜ್ಜಿ ಮೆಣಸಿನಕಾಯಿ ಹೊರಗೆ ಸುಟ್ಟು, ಕೈ ತೊಳೆದು, ಮತ್ತೆ ತೊಳೆದು, ಹರಳೆಣ್ಣೆ ಬಟ್ಟಲು ಹಿಡಿದು ಬಂದರು. ಮೊದಲು ಒಂದು ಬೆರಳು ನೆತ್ತಿಗೆ ಇಟ್ಟರು. ಆಮೇಲೆ ಅಂಗೈ. ಭೂಮಿಕಾ ಕಣ್ಣು ಮುಚ್ಚಿಕೊಂಡಳು. ಅಜ್ಜಿಯ ಕಣ್ಣಿಂದ ನೀರು ಬಳಬಳ ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ನಾನೂ ಅತ್ತೆ. ಎಣ್ಣೆ ಜಾಸ್ತಿಯಾಯಿತು ಅಂತ ಭೂಮಿಕಾ ಗದರಿಸಿದ್ದರಿಂದ ಇಬ್ಬರೂ ನಿಲ್ಲಿಸಬೇಕಾಯಿತು.

ಅಲ್ಲಿಂದ ಪಾಠ ಶುರು. ಗುರು ನಾನಲ್ಲ, ಭೂಮಿಕಾ. ನಾನು ಒಂದು ಗೊಂಬೆ ತಂದು ಅದರ ಕತ್ತಿನಲ್ಲಿ ತೂತು ಕೊರೆದು ಕೊಳವೆ ಇಟ್ಟೆ. ಹೊಸ ಗೊಂಬೆಯ ಕುತ್ತಿಗೆ ಕೊಯ್ದ ಪಾಪಿ ಅಂತ ಅಜ್ಜಿ ನನ್ನನ್ನು ಬೈದರು. ಆಮೇಲೆ ಅದೇ ಗೊಂಬೆಗೆ ನಳಿಕೆ ಇಳಿಸುವುದನ್ನು ಕಲಿತರು. ಗುರುತು ಇರುವಷ್ಟೇ ಒಳಗೆ ಬಿಡಬೇಕು. ಒಳಗೆ ಹೋಗುವಾಗ ಕಫ ಎಳೆಯಬಾರದು, ಹೊರಗೆ ಬರುವಾಗ ತಿರುಗಿಸುತ್ತ ಎಳೆಯಬೇಕು, ಬೇಗ ಮುಗಿಸಬೇಕು. ಭೂಮಿಕಾ ಹತ್ತಕ್ಕೆ ಅಂಕ ಕೊಡುತ್ತಿದ್ದಳು. ಅಮ್ಮನಿಗೆ ಒಂಬತ್ತು, ನನಗೆ ಏಳು, ಯಾಕೆಂದರೆ ನಾನು ಮಧ್ಯೆ ಮಧ್ಯೆ ಮಾತಾಡುತ್ತೇನಂತೆ. ಅಜ್ಜಿಗೆ ಮೊದಲ ದಿನ ಎರಡು. ಮೊದಲ ಸಲ ನಿಜವಾದ ಕತ್ತಿನ ಹತ್ತಿರ ನಳಿಕೆ ಹಿಡಿದಾಗ ಅಜ್ಜಿ ಮುನೇಶ್ವರ ಸ್ವಾಮಿಯನ್ನು ಜೋರಾಗಿ ಕರೆಯುತ್ತ ಮಾಡಿದರು. ಮನಸ್ಸಿನಲ್ಲೇ ಕರೆ ಅಜ್ಜಿ, ನಗು ಬಂದ್ರೆ ಕೆಮ್ಮು ಬರುತ್ತೆ ಅಂದಳು ಮೊಮ್ಮಗಳು.

ನಾನು ಅಷ್ಟೂ ದಿನ ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅಜ್ಜಿಯ ಅಂಕ ನಾಲ್ಕಾಯಿತು, ಆರಾಯಿತು. ಒಂದು ದಿನ ತಪ್ಪಿ ಏಳಾದಾಗ ನನಗೆ ಸರಿಸಮ ಬಂದರು ಅಂತ ಅಜ್ಜಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಉಳಿದದ್ದು ಕೊಳವೆಯನ್ನೇ ತೆಗೆದು ಹೊಸದು ಹಾಕುವುದು. ಅದನ್ನು ಗೊಂಬೆಗೆ ಮಾಡುತ್ತಿದ್ದರು, ಮಗುವಿಗೆ ಮಾತ್ರ ಒಲ್ಲೆ ಅನ್ನುತ್ತಿದ್ದರು. ಅದು ಬಾರದೆ ಮಗುವನ್ನು ಮನೆಯಲ್ಲಿ ಬಿಡಲು ಡಾಕ್ಟರು ಒಪ್ಪುವಂತಿರಲಿಲ್ಲ.

ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆಗೆಂದು ಒಂದು ಬೆಳಗ್ಗೆ ನಾಗರಾಜ ಮಂಜುಳಾಳನ್ನು ಹೆಬ್ಬಾಳಕ್ಕೆ ಕರೆದುಕೊಂಡು ಹೋಗಿದ್ದ. ಮನೆಯಲ್ಲಿ ಅಜ್ಜಿ, ಭೂಮಿಕಾ, ನಾನು. ಭೂಮಿಕಾ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ನಾನು ಮುಚ್ಚಳ ತೆಗೆದೆ. ಅಜ್ಜಿ ನಳಿಕೆ ಇಳಿಸಿದರು, ಅದು ಅರ್ಧಕ್ಕೇ ನಿಂತಿತು. ಕಫ ಗಟ್ಟಿಯಾಗಿ ಕೊಳವೆಯೊಳಗೇ ಅಂಟಿಕೊಂಡಿತ್ತು. ಮಗುವಿನ ತುಟಿ ಬಣ್ಣ ಬದಲಾಗತೊಡಗಿತು. ಇಂಥ ಹೊತ್ತಿನಲ್ಲಿ ಮಾಡುವುದು ಒಂದೇ, ಕೊಳವೆ ತೆಗೆದು ತಲೆದಿಂಬಿನ ಪಕ್ಕ ಸದಾ ತಯಾರಿರುವ ಹೊಸದನ್ನು ಹಾಕುವುದು. ನನ್ನ ಕೈ ಆಗಲೇ ಮುಂದೆ ಬಂದಿತ್ತು. ಹೊಸ ಕೊಳವೆ ಎತ್ತಿಕೊಂಡಿದ್ದೆ. ಪಟ್ಟಿ ಬಿಚ್ಚಲು ಬಗ್ಗಿದರೆ ಅಲ್ಲಿ ಇನ್ನೊಂದು ಕೈ ಇತ್ತು.

"ಕೊಡು ಇಲ್ಲಿ," ಅಂದರು ಅಜ್ಜಿ.

ನಾನು ಅವರ ಮುಖ ನೋಡಿದೆ. ಮುಖದಲ್ಲಿ ಭಯ ಇತ್ತು, ಕೈಯಲ್ಲಿ ಇರಲಿಲ್ಲ. ಕೊಟ್ಟೆ. ನಾನು ಭುಜ ಹಿಡಿದು ತಲೆ ಹಿಂದಕ್ಕೆ ಮಾಡಿದೆ. ಅವರು ಹಳೆಯದನ್ನು ಎಳೆದು, ಹೊಸದನ್ನು ಗೊಂಬೆಗೆ ಇಳಿಸುತ್ತಿದ್ದ ಹಾಗೆಯೇ ಬಾಗಿಸಿ ಇಳಿಸಿ, ಕೊಳವೆಗೆ ದಾರಿ ತೋರಿಸುವ ಒಳಗಿನ ಕಡ್ಡಿ ತೆಗೆದರು. ಗಾಳಿ ಸುಯ್ಯೆಂದು ಹೋಗಿ ಬಂತು. ಮತ್ತೆ ಹೋಗಿ ಬಂತು. ತುಟಿಗೆ ಬಣ್ಣ ಮರಳಿತು. ಒಂದು ಕೈಯಲ್ಲಿ ಕೊಳವೆ ಬಿಡದೆ ಹಿಡಿದುಕೊಂಡೇ ಅಜ್ಜಿ, ಪಟ್ಟಿ ಕಟ್ಟಮ್ಮ, ಏನ್ ನೋಡ್ತಾ ನಿಂತಿದ್ದೀಯ ಅಂತ ನನ್ನನ್ನು ಗದರಿಸಿದರು. ಕಟ್ಟಿದೆ. ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿ, ಸರಿಯಾಗಿದೆ ಅಂತ ನನಗೆ ಒಪ್ಪಿಗೆ ಕೊಟ್ಟರು. ಆಮೇಲೆ ನೆಲದ ಮೇಲೆ ಕುಸಿದು ಕೂತು ಮೊಮ್ಮಗಳಿಗೆ ಒಂದಿಷ್ಟು ಬೈದರು, ಹಿಂಗೆ ಹೆದರಿಸುತ್ತೀಯಲ್ಲ ಅಂತ. ಮುಚ್ಚಳ ಇಲ್ಲದೆ ಮಾತಾಡಲಾಗದ ಮಗು ಬೈಗುಳವನ್ನೆಲ್ಲ ನಗುತ್ತ ಕೇಳಿಸಿಕೊಂಡಿತು. ನಾನು ಹೊರಗೆ ಹೋಗಿ ಹಸುವಿನ ಪಕ್ಕ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ಎರಡನೆಯ ಕೈ ತಯಾರಿದೆ ಅಂತ ಹೇಳಿದೆ. ನನ್ನ ಧ್ವನಿಯಲ್ಲಿ ಏನಿತ್ತೋ, ಅವರು ಮರುಪ್ರಶ್ನೆ ಹಾಕಲಿಲ್ಲ. ಮಾರನೇ ದಿನ ಬಂದು ಕಣ್ಣಾರೆ ನೋಡಿ ಒಪ್ಪಿದರು.

ಮಂಜುಳಾ ಆಸ್ಪತ್ರೆಗೆ ಸೇರಿದಳು. ಹೋಗುವಾಗ ಅತ್ತೆಗೆ ಸಾವಿರ ಸೂಚನೆ ಕೊಟ್ಟಳು. ಅಜ್ಜಿ ಕೊನೆಗೆ, ನಿನ್ನ ಕಲ್ಲು ತೆಗೆಸ್ಕೊಂಡ್ ಬಾ ಓಗು ಅಂತ ಬಾಗಿಲವರೆಗೆ ತಳ್ಳಿಕೊಂಡೇ ಬಂದರು. ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಎಚ್ಚರವಾದ ಕೂಡಲೇ ಅವಳು ಕೇಳಿದ್ದು ಫೋನು. ಇತ್ತ ನನಗೂ ನೆಮ್ಮದಿ ಇಲ್ಲ. ಬೇರೆ ಮನೆಗಳ ಕೆಲಸ ಬೇಗ ಮುಗಿಸಿ, ಅಲ್ಲಾಳಸಂದ್ರದ ಬಸ್ಸು ಹಿಡಿದೆ. ಅಜ್ಜಿ ಸೋತು ಸುಣ್ಣವಾಗಿರುತ್ತಾರೆ, ರಾತ್ರಿ ನಿದ್ದೆ ಇರುವುದಿಲ್ಲ, ನಾನು ಸ್ವಲ್ಪ ಹೊತ್ತು ಕೂತು ಅವರನ್ನು ಮಲಗಿಸಬೇಕು ಅಂತೆಲ್ಲ ದಾರಿಯುದ್ದಕ್ಕೂ ಯೋಚನೆ. ಅಜ್ಜಿಗೆ ಇಷ್ಟ ಅಂತ ಖರ್ಜೂರ ಬೇರೆ ತೆಗೆದುಕೊಂಡಿದ್ದೆ.

ಬಾಗಿಲು ತಟ್ಟಿದೆ. ಅಜ್ಜಿ ಒಂದು ರೆಕ್ಕೆ ಮಾತ್ರ ತೆರೆದು ತಲೆ ಹೊರಗೆ ಹಾಕಿದರು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು, ಮುಖದಲ್ಲಿ ದಣಿವಿನ ಸುಳಿವಿಲ್ಲ. ತುಟಿಯ ಮೇಲೆ ಬೆರಳಿಟ್ಟು ಸದ್ದು ಮಾಡಬೇಡ ಅಂದರು.

"ಈಗ್ ತಾನೆ ಕಫ ತೆಗೆದು ಮಲಗ್ಸಿವ್ನಿ. ಎದ್ರೆ ನಿನ್ ಜೊತೆ ಮಾತಾಡ್ತಾ ಕೂತ್ಕತಾಳೆ. ಸಾಯಂಕಾಲ ಬಾ ಓಗು."

ನಾನು ಬಗ್ಗಿ ಒಳಗೆ ನೋಡಲು ಹೋದೆ. ಅಜ್ಜಿ ಅಡ್ಡ ನಿಂತರು. ಖರ್ಜೂರದ ಪೊಟ್ಟಣ ಮಾತ್ರ ಕೈಯಿಂದ ಇಸಿದುಕೊಂಡು ಬಾಗಿಲು ಹಾಕಿದರು. ಒಳಗಿನಿಂದ ಚಿಲಕ ಬಿದ್ದ ಸದ್ದೂ ಕೇಳಿತು.

ನಾನು ಮೆಟ್ಟಿಲಿಳಿದು ಬಸ್ ಸ್ಟಾಪಿನ ಕಡೆ ನಡೆದೆ. ಇಷ್ಟು ವರ್ಷ ಎಷ್ಟೋ ಮನೆಗಳವರು ನನ್ನನ್ನು ಬಾ ಬಾ ಅಂತ ಕರೆದಿದ್ದಾರೆ, ಹೋಗಬೇಡ ಅಂತ ಸೆರಗು ಹಿಡಿದಿದ್ದಾರೆ. ಹೀಗೆ ಬಾಗಿಲಿನಿಂದಲೇ ಓಡಿಸಿದ್ದು ಮುನಿಯಮ್ಮಜ್ಜಿ ಒಬ್ಬರೇ. ಅವತ್ತಿನಷ್ಟು ಖುಷಿಯಾಗಿ ನಾನು ಯಾವ ಮನೆಯಿಂದಲೂ ವಾಪಸ್ ಬಂದಿಲ್ಲ.